ಜಾಲಿ ಮರದ ಕಾಲುಹಲಗೆ

ಮೂಡಲಗಿ
ತಾ. ೧೪-೨-೧೯೪೭

ಯಜಮಾನರಿಗೆ ನಿಮ್ಮ ಪಾರವ್ವ ಮಾಡುವ ಶರಣು.

ಕ್ಷೇಮ ಸಮಾಚಾರ ಬರೆಯುವಷ್ಟು ತಾಳ್ಮೆ ಇವತ್ತು ನನಗಿಲ್ಲ. ನಿಮ್ಮ ಫಟಫಟಿ ಮೋಟಾರು ಸೈಕಲ್ಲಿಗೆ ಕಾಲುಹಲಗೆ ಕೂತಿವೆ, ಎರಡೂ ಬದಿಗೆ! ಸಿಟ್ಟು ಮಾಡುವುದಾದರೆ ಪೂರ್ತಿ ಓದಿ ಆಮೇಲೆ ಮಾಡಿ.

ನೀವು ಹುಕ್ಕೇರಿಯ ಶಿವವ್ವ ಅಕ್ಕ, ಭಾವನವರ ಮನೆ ಸೇರಿ ಎರಡು ತಿಂಗಳಾಯಿತು. ಗೋಕಾಕದ ತಿರುವಿನಲ್ಲಿ ಬಿದ್ದ ಮೇಲೆ ನಿಮ್ಮ ಎಡಪಾದದ ಕೀಲು ಮಡಚುವುದಿಲ್ಲ, ಗಾಡಿಯ ಆ ಸಣ್ಣ ಸರಳಿನ ಮೇಲೆ ಪಾದ ನಿಲ್ಲುವುದಿಲ್ಲ. ಅಂಗಳದಲ್ಲಿ ಓಣಿಯವರ ಎದುರು ಎರಡು ಸಲ ಜಾರಿ ಬಿದ್ದಿರಿ, ಮರುದಿನವೇ ಹೊರಟುಬಿಟ್ಟಿರಿ. ಗಾಡಿಯನ್ನು ಕಣಗಲಾ ಊರಿನ ಅಣ್ಣಾಸಾಹೇಬರಿಗೆ ಕೊಡು, ಕುಂಟನ ಜೊತೆ ಬಾಳಬೇಡ, ತವರಿಗೆ ಹೋಗು ಎಂದು ಕಾಗದ ಹಾಕಿದಿರಿ. ಅಣ್ಣಾಸಾಹೇಬರು ಬರುವ ಸೋಮವಾರ ಗಾಡಿ ಒಯ್ಯಲು ಬರುತ್ತಾರೆ. ನಾನು ತವರಿಗೆ ಹೋಗಿಲ್ಲ, ಹೋಗುವವಳೂ ಅಲ್ಲ. ಕಾಲು ಮಡಚದಿದ್ದರೆ ಕಾಲಿಡುವ ಜಾಗ ಅಗಲವಾಗಬೇಕು, ಇಷ್ಟೇ ತಾನೆ?

ಮೊದಲು ನಾನೇ ಎಡವಟ್ಟು ಮಾಡಿದೆ. ಗೋಕಾಕದಲ್ಲಿ ಗೊಂಬೆ ಮಾಡುವ ಕೆಂಚಪ್ಪನವರಿಗೆ ಏತಕ್ಕೆಂದು ಹೇಳದೆ ಎರಡು ಹಲಗೆ ಮಾಡಿಸಿ ತಂದೆ. ಕೆಂಪು ಬಣ್ಣ, ಅಂಚಿಗೆ ಹಸಿರು ಬಳ್ಳಿ, ನೋಡಿದರೆ ತೊಟ್ಟಿಲಿಗೆ ಕಟ್ಟಬೇಕು ಅನ್ನಿಸುವಷ್ಟು ಚೆಂದ. ಕೂಡಿಸಿ ಮೇಲೆ ನಿಂತೆ ನೋಡಿ, ಬೋಲ್ಟಿನ ತಲೆ ಒಳಗಿಳಿದು ಹಲಗೆ ಸೀಳಿಯೇ ಹೋಯಿತು. ಬಡಿಗೇರ ಮಾಳಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾರ, ಇದು ಗೊಂಬಿ ಮಾಡೂ ಕಟ್ಟಿಗಿರಿ, ಭಾರ ಹೊರೂದಲ್ಲ. ಎತ್ತಿನ ಗಾಡಿ ಗಾಲಿಗಿ ಹಾಕೂ ಜಾಲಿ ಕಟ್ಟಿಗೀನ ಬೇಕು" ಎಂದ.

ಅಳತೆಗೆ ನಿಮ್ಮ ಎಡಗಾಲಿನ ಬೂಟು ಕೊಟ್ಟೆ. ಅದರ ಅಟ್ಟೆ ಸವೆದದ್ದು ಮುಂಬದಿಗೆ ಮಾತ್ರ. ನಿಮ್ಮ ಪಾದ ಮುಂದಕ್ಕೆ ಇಳಿದು ನಿಂತಿದೆ ಎಂದು ಅದರಿಂದಲೇ ತಿಳಿಯಿತು. ಅದಕ್ಕೆ ಎಡಗಡೆಯ ಹಲಗೆಯನ್ನೂ ಮುಂದಕ್ಕೆ ಎರಡು ಬೆರಳು ಇಳಿಸಿದ್ದೇವೆ. ಮೇಲೆ ಹಳೆಯ ಟಾಯರಿನ ರಬ್ಬರು, ಕೆಳಗೆ ಕಬ್ಬಿಣದ ಪಟ್ಟಿ. ಕಂಬಾರ ಬ್ರೇಕನ್ನೂ ಬಗ್ಗಿಸಿಕೊಟ್ಟಿದ್ದಾನೆ, ಬೆರಳು ಬೇಡ, ಇಡೀ ಕಾಲಿನಿಂದ ಒತ್ತಿದರೆ ಸಾಕು.

ಇನ್ನೇನು ಆಯಿತು ಅನ್ನುವಾಗ ಅತ್ತೆಯವರು ಹೊಸ ಹಲಗೆಗಳಿಗೆ ವಿಭೂತಿ ಹಚ್ಚಿ, ಹೂವಿಟ್ಟು, ಕಾಯಿ ಒಡೆಸಿಬಿಟ್ಟರು. ಪೂಜೆಯಾದದ್ದರ ಮೇಲೆ ಕಾಲಿಡುವವರು ಯಾರು? ಮಾಳಪ್ಪ ಒಲ್ಲೆ ಎಂದ. ನನಗೂ ಧೈರ್ಯ ಬರಲಿಲ್ಲ. ಮೂರು ದಿನ ಗಾಡಿ ದೇವರ ಹಾಗೆ ನಿಂತಿತ್ತು, ನನಗೆ ಅಳುವೇ ಬಂದಿತ್ತು. ನಾಲ್ಕನೆಯ ದಿನ ಅತ್ತೆಯವರೇ ಬಂದು ಸೆರಗಿನಿಂದ ವಿಭೂತಿ ಒರೆಸಿದರು. "ನನ್ನ ಮಗ ನನ್ನ ತೊಡಿ ಮ್ಯಾಲ ಕಾಲಿಟ್ಟ ನಿಲ್ಲಾಕ ಕಲ್ತಾನ. ಆಗ ಹತ್ತಲಾರದ ದೋಷ ಈಗ ಹತ್ತತೈತೇನು?" ಎಂದರು.

ಇನ್ನು ಪರೀಕ್ಷೆ. ಸರಿ ಇರುವ ಕಾಲಿನಿಂದ ನೋಡಿದರೆ ಏನು ತಿಳಿದೀತು? ನನ್ನ ಎಡಪಾದದ ಎರಡೂ ಬದಿಗೆ ಬಿದಿರಿನ ಸೀಳು ಇಟ್ಟು, ಕೀಲು ಮಡಚದಂತೆ ಬಿಗಿಯಾಗಿ ಕಟ್ಟಿಕೊಂಡೆ. ಮದುವೆಯಾದ ಹೊಸತರಲ್ಲಿ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿ ನೀವೇ ಗಾಡಿ ಓಡಿಸಲು ಕಲಿಸಿದ್ದಿರಲ್ಲ, ಅದೇ ಖಾಲಿ ಹೊಲದಲ್ಲಿ ಹತ್ತು ಸುತ್ತು ಹಾಕಿದೆ. ಪಾದ ಜಾರಲಿಲ್ಲ, ಒಂದು ಸಲವೂ ಜಾರಲಿಲ್ಲ! ಇಳಿದು ಕಟ್ಟು ಬಿಚ್ಚಿದಾಗ ಮಾತ್ರ ಕಾಲು ಎಷ್ಟು ನೋಯುತ್ತದೆ ಎಂದು ಗೊತ್ತಾಯಿತು. ನೀವು ಒಂದು ದಿನವೂ ನನಗೆ ಅದನ್ನು ಹೇಳಲಿಲ್ಲ.

ನಿಮ್ಮ ಕಾಲಿಗೆ ಹೀಗಾಯಿತೆಂದು ನನಗೆ ದುಃಖವಿದೆ. ನೀವು ಮನೆಯಲ್ಲಿಲ್ಲ ಎಂಬ ದುಃಖ ಅದಕ್ಕಿಂತ ದೊಡ್ಡದು. ಗಾಡಿ ಬೇಕೋ ಬೇಡವೋ ಸೋಮವಾರದೊಳಗೆ ಹೇಳಿ. ನಾನು ಬೇಕೋ ಬೇಡವೋ ಎಂಬುದನ್ನೂ ಹೇಳಿ.

ಇತಿ,
ನಿಮ್ಮ ಮನೆಯವಳು
ಪಾರವ್ವ

ತಾ.ಕ.: ಲಕೋಟೆಗೆ ಟಪಾಲಿನ ಮುದ್ರೆ ಇಲ್ಲ, ನೋಡಿದಿರಾ? ಕಾಗದ ತಂದುಕೊಟ್ಟ ಶಿವವ್ವ ಅಕ್ಕನವರನ್ನು ಬೈಯಬೇಡಿ, ನಾನೇ ಕೈಮುಗಿದು ಕೇಳಿಕೊಂಡೆ. ಮೂಡಲಗಿಯಿಂದ ಇಲ್ಲಿಯವರೆಗೆ ದಾರಿಯುದ್ದಕ್ಕೂ ಜನ ನಿಂತು ನೋಡಿದರು, ನೋಡಲಿ. ಇದೇ ಬಾಗಿಲ ಹೊರಗೆ ಗಾಡಿಯ ಮೇಲಿದ್ದೇನೆ. ಮುಂದಿನ ಸೀಟು ನಿಮಗೆ ಬಿಟ್ಟು ಹಿಂದೆ ಕೂತಿದ್ದೇನೆ.