ಗೋಡೆಗೇರಿದ ಬೀಸುಬಲೆ

ಜೂನ್ ೨೧, ಶನಿವಾರ

ಈ ಮೂಲಕ ಸಮಸ್ತ ಲೋಕಕ್ಕೆ ಘೋಷಿಸುವುದೇನೆಂದರೆ, ನನ್ನ ಅಂಕಣವನ್ನು ಓದುವವರು ಇದ್ದಾರೆ. ತೊಂದರೆಯಾಗಿರುವುದೇ ಅದು.

ಕಾರವಾರದ ಆಧುನಿಕ ಕಲಾ ಮ್ಯೂಸಿಯಮ್ಮಿನವರು ತಾತ್ಕಾಲಿಕ ಪ್ರದರ್ಶನಕ್ಕೆ ಬಲೆ ಬೇಕೆಂದಾಗ, ಕೇಣಿಯಲ್ಲಿರುವ, ಹೆಂಡತಿ ಚಂದನಾಳ ತಮ್ಮ ಜಟ್ಟಪ್ಪನ ಬೀಸುಬಲೆಯನ್ನು ಎಂಟು ದಿನಕ್ಕೆ ಕೊಡಿಸಿದವನು ನಾನು. ‘ಈ ಬಲೆಯನ್ನು ಗೋಡೆಯಿಂದ ಇಳಿಸುವ ಕೈ ರಸಿಕನದಲ್ಲ’ ಎಂದು ಅಂಕಣದಲ್ಲಿ ಬರೆದವನೂ ನಾನೇ. ಅವರು ಆ ಸಾಲಿಗೆ ಫ್ರೇಮು ಹಾಕಿಸಿ ಬಲೆಯ ಪಕ್ಕದಲ್ಲೇ ತೂಗುಹಾಕಿ, ಪ್ರದರ್ಶನವನ್ನು ದೀಪಾವಳಿಯವರೆಗೆ ಮುಂದುವರಿಸಿದ್ದಾರೆ.

ಮಳೆಗಾಲ ಹಿಡಿದಿದೆ. ದೋಣಿ ಕಡಲಿಗೆ ಇಳಿಯುವಂತಿಲ್ಲ; ಹೊಳೆಬಾಯಿಯಲ್ಲಿ ಬೀಸುವ ಆ ಬಲೆಯೇ ಜಟ್ಟಪ್ಪನ ಮನೆಗೆ ಅನ್ನ. ಸಂಜೆ ಬಂದವನು ಜಗಲಿಯಲ್ಲಿ ಕೂತು ಮೆಲ್ಲಗೆ ಕೇಳಿದ: “ಭಾವಾ, ಎಂಟೇ ದಿನ ಅಂದಿದ್ರಿ ಅಲ್ವಾ. ಈಗ ನಿಮ್ಮ ಪೇಪರ್ ಬೀಸಿ ಮೀನು ಹಿಡೂದಾ?”

ಬಲೆ ವಾಪಸು ಕೇಳಲು ಹೋದರೆ ನಾನು ಅರಸಿಕನೆಂದು ನನ್ನ ಬರಹವೇ ಸಾರುತ್ತದೆ. ಹೋಗದಿದ್ದರೆ ಅವನ ಉರಿಯದ ಒಲೆ ಇನ್ನೂ ಕೆಟ್ಟದ್ದನ್ನು ಸಾರುತ್ತದೆ. ಆಚೆಗೂ ದಾರಿಯಿಲ್ಲ, ಈಚೆಗೂ ಇಲ್ಲ.

ಚಂದನಾ, ಈ ದಿನಚರಿಯನ್ನು ನೀನು ಕದ್ದು ಓದುತ್ತೀ ಎಂದು ಬಲ್ಲೆ. ನಾಳೆ ತಮ್ಮನನ್ನು ಕರೆದುಕೊಂಡು ಹೋಗಿ ಬಲೆ ಇಳಿಸಿಕೊಂಡು ಬಾ. ನಾನೆಲ್ಲಿ ಎಂದು ಅವರು ಕೇಳಿದರೆ ಜ್ವರ ಅನ್ನು.