ಮುಕ್ತಾ ಮಲಗುವ ನೆಲ

ಕೆಳಕೇರಿ, ಹುಬ್ಬಳ್ಳಿ
ಮೃಗಶಿರಾ ಮಳೆ ಹಿಡಿದ ಮೂರನೆಯ ದಿನ
ನಿಮ್ಮ ಎಣಿಕೆಯಲ್ಲಿ ಕ್ರಿಸ್ತಶಕ ೨೩೮೭

ನಮ್ಮ ಕೆರೆ ಮುಚ್ಚಿ ಕಟ್ಟಲಿರುವ ಬಡಾವಣೆಗೆ ಮಣ್ಣಿನ ಎಂಜಿನಿಯರಾಗಿ ಸೇರಲಿರುವವರಿಗೆ,

ನಿಮ್ಮ ಹೆಸರು ಗೊತ್ತಿಲ್ಲ. ನೀವು ಇದನ್ನು ಓದುವ ಹೊತ್ತಿಗೆ ನಾನು ಹುಟ್ಟಿರುವುದಿಲ್ಲ. ನಾನು ಬರೆಯುವ ಹೊತ್ತಿಗೆ ನೀವು ಹೋಗಿ ಮುನ್ನೂರು ವರ್ಷ ದಾಟಿದೆ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಮಾತು ಕೇಳಿ ನನಗಾದ ಗಾಬರಿಯೂ ಸಣ್ಣದಲ್ಲ. ನಾನು ಗುರುಸಿದ್ದವ್ವ, ಓಣಿಯ ಊಟದ ಮನೆಯಲ್ಲಿ ರೊಟ್ಟಿ ಬಡಿಯುವವಳು. ನನ್ನ ಮಗಳು ಮುಕ್ತಾ ನೆಲಗಾವಲು ಆಗುವವಳು. ನೀವು ಜಿಯೋಟೆಕ್ನಿಕಲ್ ಎಂಜಿನಿಯರ್ ಎನ್ನುವುದನ್ನು ನಾವು ನೆಲಗಾವಲು ಎನ್ನುತ್ತೇವೆ. ಕಟ್ಟಡ ಏಳುವ ಮೊದಲು, ಮಣ್ಣು ಅದನ್ನು ಹೊರುತ್ತದೋ ಇಲ್ಲವೋ ಎಂದು ಹೇಳುವ ಕೆಲಸ ಅದು.

ನಮ್ಮಲ್ಲಿ ಆ ಕೆಲಸ ಸುಲಭಕ್ಕೆ ಸಿಗುವುದಿಲ್ಲ. ಕಾಲೇಜು ಮುಗಿಸಿ ಬಂದವರನ್ನು ಮೊದಲು ಮುಟ್ಟುಗರ ಸಾಲಿನಲ್ಲಿ ಕೂರಿಸುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿ ಕೈಗೆ ಮಣ್ಣು ಕೊಟ್ಟರೆ ಅದು ಕಪ್ಪು ಎರೆಯೋ, ಕೆಂಪು ಮಸಾರಿಯೋ, ಬೇರೆ ಕಡೆಯಿಂದ ತಂದು ಸುರಿದದ್ದೋ ಹೇಳಬೇಕು. ಆಗ ಮುಕ್ತಾಳ ಉಗುರಿನ ಕಪ್ಪು ಹೋಗುತ್ತಲೇ ಇರಲಿಲ್ಲ. ಹಿಟ್ಟಿನ ಹತ್ತಿರ ಬಂದರೆ ಗದರಿಸಿ ಓಡಿಸುತ್ತಿದ್ದೆ. ಆಮೇಲೆ ಕಾಯುವ ಕೆಲಸ. ಕೊರೆದ ತೂತಿನಲ್ಲಿ ನೀರು ಮಳೆಗಾಲಕ್ಕೆ ಎಲ್ಲಿಗೇರುತ್ತದೆ, ಬೇಸಿಗೆಗೆ ಎಲ್ಲಿಗಿಳಿಯುತ್ತದೆ, ಎರೆ ಎಷ್ಟು ಉಬ್ಬುತ್ತದೆ, ಎಷ್ಟು ಬಿರಿಯುತ್ತದೆ ಎಂದು ವರ್ಷಪೂರ್ತಿ ನೋಡಬೇಕು. ಅವಸರ ಮಾಡಲು ಯಾರಿಗೂ ಹಕ್ಕಿಲ್ಲ. ಕೊನೆಯದು ತಳವಾಸ. ನೆಲ ಸರಿಯಿದೆ ಎಂದು ಸಹಿ ಹಾಕಿದವರೇ ಕಟ್ಟಡದ ತೀರಾ ಕೆಳಗಿನ ಕೋಣೆಯಲ್ಲಿ ಒಂದು ಮಳೆಗಾಲ ಮಲಗಬೇಕು. ಅವರು ಎದ್ದು ಬಂದ ಮೇಲೆಯೇ ಬೇರೆಯವರು ಒಳಗೆ ಕಾಲಿಡುವುದು. ತಳವಾಸ ಮುಗಿಸದೆ ಯಾರನ್ನೂ ನೆಲಗಾವಲು ಎಂದು ಕರೆಯುವುದಿಲ್ಲ.

ತಳವಾಸಕ್ಕೆ ಇಳಿಯುವ ಮೊದಲು ಮನೆಯ ಹಿರಿಯರು ಒಂದು ಮಣ್ಣೋಲೆ ಬರೆಯುತ್ತಾರೆ. ಆ ನೆಲಕ್ಕೆ ಹಿಂದೆ ಸಹಿ ಹಾಕಿದವರಿಗೆ ಧನ್ಯವಾದ ಹೇಳುವ ಪತ್ರ. ಅದನ್ನು ಕೊರೆದ ತೂತಿಗೆ ಹಾಕಿ ಮುಚ್ಚುತ್ತಾರೆ. ಮಣ್ಣು ಹಿಂದಿನವರಿಗೂ ಸುದ್ದಿ ಮುಟ್ಟಿಸುತ್ತದೆ ಎಂಬುದು ನಮ್ಮವರ ನಂಬಿಕೆ. ಇದನ್ನು ಕೇಳಿದಾಗಲೆಲ್ಲ ನಾನು ನಗುತ್ತಿದ್ದೆ. ಈಗ ನಗು ಬರುತ್ತಿಲ್ಲ.

ಯಾರಿಗೆ ಬರೆಯಬೇಕೆಂದು ತಿಳಿಯಲು ಮುಕ್ತಾ ನಿಮ್ಮ ಕಾಲದ ಜಾಹೀರಾತುಗಳನ್ನು ಹುಡುಕಿದಳು. ಈ ಕೆರೆಯ ಕೆಲಸಕ್ಕೆ ಎಂಜಿನಿಯರ್ ಬೇಕೆಂದು ಕರೆದದ್ದು ಸಿಕ್ಕಿತು. ನಾನು ರೊಟ್ಟಿ ಬಡಿಯುತ್ತಿದ್ದೆ, ಅವಳು ಒಲೆಯ ಪಕ್ಕ ಕೂತು ಓದಿದಳು. ಐದು ವರ್ಷ ಅನುಭವ ಬೇಕು. ಎಂ.ಟೆಕ್. ಆಗಿದ್ದರೆ ಒಳ್ಳೆಯದು. ಇಂತಿಂಥ ಸಾಫ್ಟ್‌ವೇರ್ ಗೊತ್ತಿರಬೇಕು. ಅಕ್ಕಪಕ್ಕದ ಜಾಗದ ಹಳೆಯ ವರದಿ ನೋಡಿ ಎರಡು ದಿನದಲ್ಲಿ ಹೊಸ ವರದಿ ಕೊಡುವಂತಿರಬೇಕು. ಸ್ಥಳಕ್ಕೆ ಹೋಗುವುದು ಕಡ್ಡಾಯವಲ್ಲ. ನನ್ನ ಕೈ ಅಲ್ಲೇ ನಿಂತಿತು. ಇನ್ನೊಮ್ಮೆ ಓದು ಎಂದೆ. "ಕಡ್ಡಾಯ ಅಲ್ಲಂತ ಯವ್ವಾ, ಹೋಗದಿದ್ರೂ ನಡೀತದಂತ" ಎಂದಳು. ಅಯ್ಯೋ ಶಿವನೇ! ನಾನು ಹಿಟ್ಟು ಮುಟ್ಟದೆ ರೊಟ್ಟಿ ಮಾಡುತ್ತೇನೆಂದರೆ ನೀವು ಊಟಕ್ಕೆ ಕೂರುತ್ತಿದ್ದಿರೇ? ಹೆಂಚಿನ ಮೇಲಿನ ರೊಟ್ಟಿ ಸೀದು ಕಪ್ಪಾದದ್ದೂ ನನಗೆ ತಿಳಿಯಲಿಲ್ಲ.

ನೀವು ಇನ್ನು ಬರೆಯಲಿರುವ, ನಮಗೆ ಹಳೆಯದಾಗಿ ಸಿಕ್ಕ ವರದಿಯಲ್ಲಿ ಗಟ್ಟಿ ನೆಲ ಎಂದು ಇತ್ತಂತೆ. ಮುಕ್ತಾ ಕೊರೆಸಿದಾಗ ಬಂದದ್ದು ಇಟ್ಟಿಗೆ ಚೂರು, ಪ್ಲಾಸ್ಟಿಕ್ ಚೀಲ, ಒಡೆದ ಕಮೋಡು, ಒಂದು ಮಗುವಿನ ಚಪ್ಪಲಿ. ಈಗ ಅಲ್ಲಿ ಹೆರಿಗೆ ಆಸ್ಪತ್ರೆ ಎದ್ದಿದೆ, ಮುಕ್ತಾ ಮಲಗಬೇಕಾದದ್ದು ಅದರ ತಳದಲ್ಲೇ. ಬಸುರಿಯರು ನಡೆದು ಬರುವಷ್ಟು ಹತ್ತಿರದಲ್ಲಿ ನಮಗೆ ಬೇರೆ ಜಾಗವಿಲ್ಲ. ಮುಕ್ತಾ ಕಂಬಗಳನ್ನು ಬಂಡೆಯವರೆಗೆ ಇಳಿಸಿದ್ದಾಳೆ. ಆದರೆ ನೀವು ಸುರಿದದ್ದರ ನಡುವೆ ಪ್ರತಿ ಮಳೆಗಾಲ ನೀರು ನುಗ್ಗಿ ಅದನ್ನು ಇನ್ನೂ ಕುಸಿಸುತ್ತಿದೆ, ಕುಸಿಯುವಾಗ ಅದು ಕಂಬವನ್ನೂ ಕೆಳಕ್ಕೆ ಜಗ್ಗುತ್ತದಂತೆ.

ಹೋದ ಮಳೆಗಾಲ, ಇದೇ ಮುಚ್ಚಿದ ಕೆರೆಯ ಇನ್ನೊಂದು ಬದಿಯಲ್ಲಿ ಹೊಸ ಶಾಲೆಗೆ ತಳವಾಸ ಮಾಡುತ್ತಿದ್ದ ಹುಡುಗ ನೆಲ ಕುಸಿದು ತೀರಿಕೊಂಡ. ಅವನು ಮುಕ್ತಾಳಿಗೆ ಕಲಿಸಿದ ಫಕ್ರುದ್ದೀನ್ ಮಾಸ್ತರರ ಮಗ. ನನ್ನ ಮಗಳನ್ನು ತಳವಾಸದಿಂದ ಬಿಟ್ಟುಬಿಡಿ ಎಂದು ಕೇಳಲು ಅವರ ಮನೆಗೇ ಹೋದೆ. ನನಗೆ ನಾಚಿಕೆ ಎಲ್ಲಿತ್ತು? ಮಾಸ್ತರರು ನೀರು ಕೊಟ್ಟರು, ಕೂರಿಸಿದರು. "ನನ್ನ ಮಗ ಅಲ್ಲಿ ಮಲಗದಿದ್ರ ಸಾಲಿ ಹುಡುಗ್ರು ಕೂಡತಿದ್ರು, ತಂಗಿ" ಎಂದರು. ಇಷ್ಟೇ. ನಾನು ಎದ್ದು ಬಂದೆ.

ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ನಿಮಗೂ ಕೆಲಸ ಬೇಕು, ಮನೆ ನಡೆಯಬೇಕು, ಮೇಲಿನವರು ಬೇಗ ಮುಗಿಸಿ ಎನ್ನುತ್ತಾರೆ. ಆದರೂ ನನಗೆ ಸಿಟ್ಟಿದೆ, ಸುಳ್ಳೇಕೆ ಹೇಳಲಿ. ಜಾಹೀರಾತಿನ ತಾರೀಕು ನೋಡಿದರೆ ನಿಮ್ಮ ಕಡೆ ಕೆರೆಯಲ್ಲಿ ಇನ್ನೂ ನೀರಿದೆ, ಸಹಿ ಬಿದ್ದಿಲ್ಲ. ನಿಮ್ಮ ದಮ್ಮಯ್ಯ, ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ದಂಡೆಯ ಮಣ್ಣು ಕೈಯಲ್ಲಿ ಹಿಡಿಯಿರಿ. ಇಲ್ಲಿ ಕಟ್ಟುವುದು ಬೇಡ ಎಂದು ಬರೆಯಿರಿ. ನಿಮಗೆ ಆ ಕೆಲಸ ಹೋಗಬಹುದು, ಇನ್ನೊಂದು ಸಿಗುತ್ತದೆ. ನನಗೆ ಇರುವವಳು ಮುಕ್ತಾ ಒಬ್ಬಳೇ.

ಕೊನೆಯಲ್ಲಿ ಧನ್ಯವಾದ ಬರೆಯದಿದ್ದರೆ ಮಣ್ಣೋಲೆ ಪೂರ್ತಿಯಾಗುವುದಿಲ್ಲ ಎಂದು ಮುಕ್ತಾ ಹೇಳಿದಳು. ಅದು ನನ್ನಿಂದ ಆಗುವುದಿಲ್ಲ ಎಂದೆ. "ಜಾಗ ಬಿಡ ಯವ್ವಾ, ನಾ ಮ್ಯಾಲ ಬಂದ ಮ್ಯಾಲ ಬರಿಯೋಣಂತ" ಎಂದಳು. ಜಾಗ ಬಿಟ್ಟಿದ್ದೇನೆ. ಓಲೆ ಈಗಲೇ ಬೇಕೆಂದು ತೂತು ಮುಚ್ಚುವವರು ಬಾಗಿಲಲ್ಲಿ ನಿಂತಿದ್ದಾರೆ, ಆ ಜಾಗ ಖಾಲಿಯೇ ಹೋಗಲಿ. ಮುಕ್ತಾ ಹಾಸಿಗೆ ಸುತ್ತಿಕೊಂಡು, ಎರಡು ರೊಟ್ಟಿ ಕಟ್ಟಿಕೊಂಡು ಆಗಲೇ ಮೆಟ್ಟಿಲಿಳಿದಳು.

ಗುರುಸಿದ್ದವ್ವ