ಜಾಲಿಗಿಡಕ್ಕೆ ಹಿರಿಯರ ಪಟ್ಟ

ಕೊಪ್ಪಳ ಸೀಮೆ
2183ನೆಯ ಇಸವಿ, ಹದಿಮೂರನೆಯ ತಿಂಗಳ ಎರಡನೆಯ ದಿನ

ಪೂಜ್ಯ ನೀಲಗಂಗವ್ವನವರಿಗೆ,

ಗುರುಸಿದ್ಧವ್ವ ಮಾಡುವ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾಯಿತೆಂದು ನಮ್ಮ ಕಾಲದವರು ವರ್ಷಕ್ಕೆ ಇನ್ನೊಂದು ತಿಂಗಳು ಸೇರಿಸಿದ್ದಾರೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಕ್ಷಮಿಸಿ. ಮುಂದೆ ಬರೆಯುವುದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಹಿನ್ನಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ, ನಮ್ಮಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಸಿಗುತ್ತದೆ. ಎಲ್ಲರೂ ತೀರಿಹೋದ ತಾಯಿಗೋ ಗಂಡನಿಗೋ ಬರೆಯುತ್ತಾರೆ. ನಾನು ಪಕ್ಕದ ಮನೆಯವಳ ಮುತ್ತಜ್ಜಿಯ ಮುತ್ತಜ್ಜಿಗೆ, ಅದೂ ಒಂದು ಬಳ್ಳಾರಿ ಜಾಲಿಯ ಸಲುವಾಗಿ ಬರೆಯುತ್ತಿದ್ದೇನೆ. ಊರವರು ನಗುತ್ತಿದ್ದಾರೆ. ನಗಲಿ.

ನಿಮ್ಮ ಹಿತ್ತಲ ಗೋಡೆಯ ಬುಡದಲ್ಲಿ ಈಗ ಮೊಣಕಾಲೆತ್ತರದ ಒಂದು ಗಿಡ ಎದ್ದಿರಬೇಕು. ನೀವು ಹಾಕಿದ ನುಗ್ಗೆ, ಕರಿಬೇವು ಎಲ್ಲವನ್ನೂ ಆಡು ತಿಂದು, ಇದೊಂದನ್ನು ಮೂಸಿ ಬಿಟ್ಟಿತಂತೆ. ಉಳಿದದ್ದಾದರೂ ಬದುಕಲಿ ಎಂದು ನೀವು ಪಾತ್ರೆ ತೊಳೆದ ನೀರು ಹಾಕಿದಿರಂತೆ. ನಾನು ಹೇಳಿದ ಪಕ್ಕದ ಮನೆಯವಳು, ನಿಮ್ಮ ವಂಶದ ಶಂಕ್ರಮ್ಮ, ಈ ಕಥೆಯನ್ನು ವರ್ಷಕ್ಕೊಮ್ಮೆ ಕಣ್ಣೀರು ಹಾಕಿಕೊಂಡು ಹೇಳುತ್ತಾಳೆ.

ನಮ್ಮ ಕಾಲದಲ್ಲಿ ಪ್ರತಿ ಮನೆತನವೂ ಒಂದು ಮರವನ್ನು ‘ಹಿರೀಕ’ ಎಂದು ದಾಖಲಿಸುತ್ತದೆ. ತೀರಿಕೊಂಡ ಹಿರಿಯರು ಅದರಲ್ಲಿ ನೆಲೆಸುತ್ತಾರೆಂದು ನಂಬಿಕೆ. ಕೆಲವರಿಗೆ ಬೇವು, ಕೆಲವರಿಗೆ ಹುಣಸೆ. ಶಂಕ್ರಮ್ಮನ ಮನೆಗೆ ಈ ಜಾಲಿ, ಅದರೊಳಗೆ ನೀವು. ಮದುವೆಯ ಮೊದಲ ಕರೆಯೋಲೆ ಅದಕ್ಕೆ, ಹಬ್ಬದ ಮೊದಲ ಹೋಳಿಗೆಯೂ ಅದಕ್ಕೆ. ಹೋಳಿಗೆ ತಿಂದ ಮರ ಸುಮ್ಮನಿದ್ದೀತೇ? ಗೋಡೆ ದಾಟಿ ನನ್ನ ಅರ್ಧ ಹಿತ್ತಲಿನ ಮೇಲೆ ಬಾಗಿದೆ. ಅದರ ಕೆಳಗೆ ಒಂದು ಕಡ್ಡಿ ಮೆಂತ್ಯ ಏಳುವುದಿಲ್ಲ. ಮುಳ್ಳು ಚಪ್ಪಲಿಯನ್ನೂ ತೂರಿ ಬರುತ್ತದೆ. ನನ್ನ ಕಡೆಯ ಕೊಂಬೆ ಕಡಿಯುತ್ತಲೇ ಇದ್ದೇನೆ, ಕಡಿದಷ್ಟೂ ಚಿಗುರುತ್ತದೆ. ಬುಡ ಅವಳ ಜಾಗದಲ್ಲಿದೆ.

ಮುಳ್ಳನ್ನಾದರೂ ಸಹಿಸಬಹುದು. ಬೇರು ನನ್ನ ನೆಲದಡಿಯ ಮಳೆತೊಟ್ಟಿಯನ್ನು ಸೀಳಿದೆ. ಎಷ್ಟು ಗಾರೆ ಮೆತ್ತಿದರೂ, ಬೇರು ಇರುವತನಕ ಮತ್ತೆ ಬಿರಿಯುತ್ತದೆ. ಇಲ್ಲಿ ಸ್ವಂತ ನೀರಿಲ್ಲದ ಮನೆಗೆ ಬೀಗ ಬೀಳುತ್ತದೆ. ಮನೆಯವರನ್ನು ಅಟ್ಟಗೂಡಿಗೆ, ಅಂದರೆ ತಲೆಗೊಂದು ಕೋಣೆಯ ನಲವತ್ತು ಅಂತಸ್ತಿನ ಕಟ್ಟಡಕ್ಕೆ, ಸಾಗಿಸುತ್ತಾರೆ. ನನ್ನ ತೊಟ್ಟಿಯಲ್ಲಿ ಈಗ ಗೇಣುದ್ದ ನೀರಿದೆ. ಅಮಾವಾಸ್ಯೆಗೆ ಅಳೆಯುವವರು ಬರುತ್ತಾರೆ. ಈ ಮನೆಯ ಕಲ್ಲುಗಳನ್ನು ನಾನೇ ಹೊತ್ತಿದ್ದೇನೆ. ಇಲ್ಲಿಂದ ನಾನು ಕದಲುವುದಿಲ್ಲ.

ಶಂಕ್ರಮ್ಮನ ಬಳಿ ಮೂರು ಸಲ ಹೋದೆ. ಕೈಮುಗಿದೆ, ಜಗಳವಾಡಿದೆ. “ನಮ್ಮವ್ವನ ಮ್ಯಾಲೆ ಕೊಡ್ಲಿ ಹಾಕ್ತೀಯೇನ? ಹಂಗಾರ ಮೊದ್ಲು ನನ್ನ ಕಡಿ” ಎಂದು ಮರವನ್ನು ತಬ್ಬಿಕೊಂಡು ನಿಂತಳು. ಮುಳ್ಳು ಚುಚ್ಚಿ ತೋಳೆಲ್ಲ ರಕ್ತ. ಅರಿಶಿನ ಹಚ್ಚಿದವಳೂ ನಾನೇ. ಆಕೆ ಕೆಟ್ಟವಳಲ್ಲ, ಅದೇ ನನ್ನ ಕಷ್ಟ.

ಅದಕ್ಕೇ ನಿಮಗೆ ಬರೆದೆ. ಆ ಮರಕ್ಕಿಂತ ದೊಡ್ಡವರು ನೀವೊಬ್ಬರೇ. ನಾಳೆ ಬೆಳಗ್ಗೆ ಆ ಗಿಡವನ್ನು ಬೇರುಸಮೇತ ಕಿತ್ತುಬಿಡಿ, ಈಗಾದರೆ ಅರ್ಧ ಗಂಟೆಯ ಕೆಲಸ. ಮನಸ್ಸು ಒಪ್ಪದಿದ್ದರೆ, ಕಡಿಯಲಿ ಎಂದು ನಿಮ್ಮ ಕೈಯಾರೆ ಒಂದು ಸಾಲು ಬರೆದು ಮನೆಯ ಪೆಟ್ಟಿಗೆಯಲ್ಲಿಡಿ.

ಎರಡೂ ಆಗದಿದ್ದರೆ ಕೇಳಿ. ನಮ್ಮಲ್ಲಿ ಬರುವ ಸೋಮವಾರ ಹಾಡುಹಗಲೇ, ಎಲ್ಲರೂ ನೋಡುವಂತೆ, ನಾನು ಗೋಡೆ ಹತ್ತಿಳಿದು ಬುಡ ಅಗೆಯುತ್ತೇನೆ. ಊರು ಉಗಿಯಲಿ, ಶಂಕ್ರಮ್ಮ ಜನ್ಮವಿಡೀ ಮಾತು ಬಿಡಲಿ. ನೀವು ನಿಜಕ್ಕೂ ಅದರೊಳಗಿದ್ದರೆ, ಮೊದಲ ಗುದ್ದಲಿ ಬೀಳುವ ಮುಂಚೆ ಎದ್ದು ಈಚೆ ಬನ್ನಿ. ನನ್ನ ಪಡಸಾಲೆಯಲ್ಲಿ ನಿಮಗೆ ಹಾಸಿಗೆ ಹಾಸಿರುತ್ತೇನೆ.

ಇಂತಿ,
ಗೋಡೆಯಾಚೆಯ ಗುರುಸಿದ್ಧವ್ವ